ಸೆಕೆಂಡ್ ಕ್ಲಾರ್ನೆಟ್ಟಿನ ಕಾಗದ

ಬಟ್ಟೆ ಒಣಹಾಕುವ ಕ್ಲಿಪ್ಪುಗಳು ನನ್ನ ಮನೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚಿವೆ. ಒಬ್ಬ ಮನುಷ್ಯನ ಒಂದು ಅಂಗಿ, ಒಂದು ಧೋತರ, ಒಂದು ಟಾವೆಲ್ಲು. ಅದಕ್ಕೆ ಡಬ್ಬಿ ತುಂಬ ಕ್ಲಿಪ್ಪು ಯಾಕೆ ಎಂದು ನೀವು ಕೇಳಬಹುದು. ಪಕ್ಕದ ಮನೆಯ ಶಾಂತವ್ವ ಕೇಳಿಯೇ ಬಿಟ್ಟಳು.

"ಏನ್ರಿ ಈರಣ್ಣಾರ, ಇಡೀ ಸವಣೂರಿನ ಅರಿಬಿ ನೀವ ಒಣಗಸ್ತೀರೇನು?"

ಇವು ಬಟ್ಟೆಯ ಕ್ಲಿಪ್ಪಲ್ಲ ತಾಯಿ, ಬ್ಯಾಂಡಿನ ಕ್ಲಿಪ್ಪು ಎಂದರೆ ಮತ್ತೊಂದು ಪ್ರಶ್ನೆ ಹುಟ್ಟುತ್ತದೆ. ಅದಕ್ಕೂ ಉತ್ತರ ಹೇಳಿದರೆ ಅವಳ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ಆದ್ದರಿಂದ ಅವಳ ಮುಂದೆ ನಕ್ಕು ಸುಮ್ಮನಾದೆ. ನಿಮ್ಮ ಒಲೆಯ ಮೇಲೆ ಏನಿದೆಯೋ ನನಗೆ ಕಾಣುವುದಿಲ್ಲ. ಹಾಗಾಗಿ ನಿಮಗೆ ಹೇಳುತ್ತೇನೆ.

ಬ್ಯಾಂಡಿನವರು ನಿಂತಲ್ಲಿ ನಿಲ್ಲುವವರಲ್ಲ. ಮದುವೆಯ ಮೆರವಣಿಗೆಯಲ್ಲಿ ನಡೆಯುತ್ತ ನುಡಿಸಬೇಕು. ಎರಡೂ ಕೈ ವಾದ್ಯದ ಮೇಲಿರುವಾಗ ಸ್ವರ ಬರೆದ ಕಾಗದ ಹಿಡಿಯುವವರು ಯಾರು? ಅದಕ್ಕೆ ಮುಂದೆ ನಡೆಯುವವನ ಬೆನ್ನಿಗೆ ಕಾಗದ ಸಿಕ್ಕಿಸಿ, ಅವನ ಕೋಟಿಗೆ ಕ್ಲಿಪ್ಪು ಹಾಕಿ, ಅವನ ಬೆನ್ನು ಓದುತ್ತ ನುಡಿಸುವುದು ನಮ್ಮ ಪದ್ಧತಿ. ನನ್ನ ಮುಂದೆ ನಡೆಯುತ್ತಿದ್ದವನು ಫಕ್ಕೀರಪ್ಪ. ಅವನು ಫಸ್ಟ್ ಕ್ಲಾರ್ನೆಟ್, ನಾನು ಸೆಕೆಂಡ್. ಜನ ಪ್ರಾಯದಲ್ಲಿ ಏನೇನೋ ನೋಡುತ್ತಾರೆ. ನಾನು ನೋಡಿದ್ದು ಫಕ್ಕೀರಪ್ಪನ ಬೆನ್ನು. ಅವನು ಕೆಮ್ಮಿದರೆ ನನ್ನ ಸ್ವರಗಳು ಕುಣಿಯುತ್ತಿದ್ದವು. ಬೇಸಿಗೆಯ ಮದುವೆಗಳಲ್ಲಿ ಅವನ ಬೆವರಿಗೆ ಮಸಿ ಒದ್ದೆಯಾಗಿ, ಎರಡು ಸ್ವರ ಕೂಡಿ ಒಂದಾಗಿ, ನಾನು ಅದನ್ನೂ ಹಾಗೆಯೇ ನುಡಿಸುತ್ತಿದ್ದೆ. ಯಾರೂ ದೂರು ಕೊಟ್ಟಿಲ್ಲ. ಸೆಕೆಂಡ್ ಕ್ಲಾರ್ನೆಟ್ಟಿನ ದೊಡ್ಡ ಸುಖವೇ ಅದು.

ಬ್ಯಾಂಡು ಸೇರಿದ್ದು ಸಂಗೀತದ ಮೋಹದಿಂದ ಎಂದು ಬರೆದಿದ್ದರೆ ಚೆನ್ನಾಗಿತ್ತು. ಸೇರಿದ್ದು ಕೋಟಿನ ಮೋಹದಿಂದ. ನಾನಾಗ ಪೇಟೆಯ ಒಂದು ಟೇಲರ್ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಿದ್ದೆ. ಬ್ಯಾಂಡಿನ ಯಜಮಾನರಾದ ಖಾದರಸಾಬ್ ಮಾಸ್ತರರು ಕೆಂಪು ಕೋಟಿಗೆ ಬಂಗಾರದ ಬಣ್ಣದ ಜರಿ ಹಚ್ಚಿಸಲು ಬಂದಿದ್ದರು. ಅಳತೆ ಕೊಡಬೇಕಾದವನು ಬರಲಿಲ್ಲ ಎಂದು ನನಗೇ ತೊಡಿಸಿ ನೋಡಿದರು. ನಾನು ಕನ್ನಡಿ ಬಿಟ್ಟು ಕದಲಲಿಲ್ಲ. ಮಾಸ್ತರರು ನನ್ನ ಮುಖ, ಕೋಟು ಎರಡನ್ನೂ ನೋಡಿ, "ಕೋಟೇನೋ ನಿನಗ ಹೊಂದೇತಿ. ಇನ್ನ ಕ್ಲಾರ್ನೆಟ್ ಅಷ್ಟ ಕಲಿಯೂದು ಬಾಕಿ" ಎಂದರು. ಹೀಗೆ ನಾನು ಕಲಾವಿದನಾದೆ.

ಮಾಸ್ತರರ ಅಜ್ಜ ನವಾಬರ ಕಾಲದ ಬ್ಯಾಂಡಿನಲ್ಲಿದ್ದವರು. ಐದು ಗೆರೆಯ ಮೇಲೆ ಕಾಳು ಚೆಲ್ಲಿದಂತೆ ಬರೆಯುವ ಆ ಇಂಗ್ಲಿಷ್ ಪದ್ಧತಿ ಅವರ ಮನೆಗೆ ಹಾಗೆ ಬಂದದ್ದು. ಕಾಳುಗಳನ್ನು ಕಲಿಯಲು ನನಗೆ ಒಂದು ಮಳೆಗಾಲ ಸಾಕಾಯಿತು. ಕಾಳುಗಳ ಮೇಲೆ ಕೆಳಗೆ ಇರುತ್ತಿದ್ದ ಸಣ್ಣ ಗುರುತುಗಳು ಮಾತ್ರ ಹಲವು ವರ್ಷ ಕಾಡಿದವು. ಅವಕ್ಕೆ ಇಂಗ್ಲಿಷಿನಲ್ಲೋ ಇನ್ನಾವ ಭಾಷೆಯಲ್ಲೋ ಹೆಸರುಗಳಿವೆಯಂತೆ. ನಮ್ಮಲ್ಲಿ ನಮ್ಮವೇ ಹೆಸರು. ಸ್ವರದ ನೆತ್ತಿಯ ಮೇಲಿನ ಚುಕ್ಕೆ ಎಳ್ಳು; ಎಳ್ಳಿದ್ದರೆ ಸ್ವರವನ್ನು ಚಿವುಟಿ ಬಿಡಬೇಕು. ಒಂದು ಕಡೆ ಕೂಡಿ ಇನ್ನೊಂದು ಕಡೆ ಬಾಯಿ ತೆರೆದ ಎರಡು ಗೆರೆ ಗುಬ್ಬಿ ಕೊಕ್ಕು. ಕೊಕ್ಕು ತೆರೆಯುವ ಕಡೆಗೆ ದನಿ ಏರಿಸಬೇಕು, ಮುಚ್ಚುವ ಕಡೆಗೆ ಇಳಿಸಬೇಕು. ಬಿಲ್ಲಿನಂಥ ಗೆರೆಯ ಕೆಳಗೆ ಒಂದು ಚುಕ್ಕೆ ಇದ್ದರೆ ಅದು ಕಣ್ಣು. ಕಣ್ಣು ಬಂದಾಗ ಇದ್ದ ಸ್ವರದ ಮೇಲೆ ನಿಂತು ಮಾಸ್ತರರ ಮುಖ ನೋಡಬೇಕು. ಅವರು ಕೈ ಇಳಿಸುವ ತನಕ ಮುಂದೆ ಹೋಗುವಂತಿಲ್ಲ. ಬೀಗರು ಕೊಟ್ಟ ಊಟ ಚೆನ್ನಾಗಿದ್ದ ದಿನ ಮಾಸ್ತರರ ಕೈ ಬಹಳ ಹೊತ್ತು ಮೇಲೆಯೇ ಇರುತ್ತಿತ್ತು.

ಇನ್ನು ಪಿ ಅಕ್ಷರ. ಅದು ಇದ್ದಲ್ಲಿ ಮೆಲ್ಲಗೆ ನುಡಿಸಬೇಕು. ನಾನು ಮೆಲ್ಲಗೆ ಎಂದರೆ ಗಾಳಿ ಕಡಿಮೆ ಊದುವುದು ಎಂದು ತಿಳಿದಿದ್ದೆ. ಊದಿದರೆ ವಾದ್ಯ ಕುಂಯ್ ಎಂದು ಅಳುತ್ತಿತ್ತು. ಮಾಸ್ತರರು ತಲೆ ಚಚ್ಚಿಕೊಂಡು ಹೇಳಿದರು: "ಲೇ ಈರಣ್ಣ, ಉಸಿರು ಕಡಿಮಿ ಮಾಡೂದಲ್ಲಪಾ. ಮಗ್ಗಲ ಮನ್ಯಾಗ ಯಾರೋ ಜಡ್ಡಾಗಿ ಮಲಗ್ಯಾರ ಅಂತ ತಿಳಕೊಂಡು ನುಡಸು."

ಈ ಮಾತು ಅವರು ಸುಮ್ಮನೆ ಹೇಳಿದ್ದಲ್ಲ. ಮೆರವಣಿಗೆಯ ನುಡಿಗೆ, ಅಂದರೆ ನಾವು ನುಡಿಸುವ ಹಾಡಿಗೆ, ಅವರು ಪಿ ಬರೆಯುತ್ತಿದ್ದದ್ದೇ ಸವಣೂರಿನ ಓಣಿಗಳನ್ನು ನೋಡಿಕೊಂಡು. ಮಸೀದಿಯ ಮುಂದೆ ಪಿ, ದವಾಖಾನೆಯ ಮುಂದೆ ಪಿ, ಮಠದ ತಿರುವಿನಲ್ಲಿ ಪಿ, ಯಾರ ಮನೆಯಲ್ಲಾದರೂ ಸೂತಕವಿದ್ದರೆ ಅಲ್ಲಿಗೆ ಪೆನ್ಸಿಲ್ಲಿನ ಹೊಸ ಪಿ. ಓಣಿ ಮತ್ತು ಸಂಗೀತ ನಮಗೆ ಬೇರೆ ಬೇರೆ ಅನ್ನಿಸಿಯೇ ಇರಲಿಲ್ಲ. ಹಾಗಿರುವಾಗ ಒಮ್ಮೆ ಹಿರೇಕೆರೂರಿನ ಮದುವೆಗೆ ಹೋದೆವು. ಅದೇ ಕಾಗದ, ಅದೇ ಗುರುತು. ಸಂತೆಯ ದಿನ. ಗೋವಿನಜೋಳದ ಚೀಲ ಇಳಿಸುವವರು, ಹತ್ತಿಯ ದರ ಕೂಗುವವರು, ಬಸ್ಸಿನ ಹಾರನ್ನು. ಆ ಗದ್ದಲದ ನಟ್ಟನಡುವೆ ನಮ್ಮ ಇಡೀ ಬ್ಯಾಂಡು ಒಮ್ಮೆಲೇ ಪಿಸುಗುಟ್ಟತೊಡಗಿತು. ಕುದುರೆಯ ಮೇಲಿದ್ದ ಮದುಮಗ ಗಾಬರಿಯಾಗಿ, ಬ್ಯಾಂಡಿನವರು ಓಡಿಹೋದರೇನೋ ಎಂದು ಹಿಂದಕ್ಕೆ ತಿರುಗಿ ನೋಡಿದ. ಮುಂದೆ ಆ ಊರಿನ ದವಾಖಾನೆಯ ಗೇಟಿಗೆ ಬಂದಾಗ ಕಾಗದದಲ್ಲಿ ಎರಡೆರಡು ಎಫ್ ಇದ್ದವು. ಎಫ್ ಎಂದರೆ ಜೋರು. ನರ್ಸಬಾಯಿ ಹೊರಗೆ ಓಡಿಬಂದು ಆಡಿದ ಮಾತುಗಳಿಗೆ ಯಾವ ಗುರುತೂ ಸಾಲುವುದಿಲ್ಲ.

ಆದರೆ ಒಂದು ನುಡಿ ಮಾತ್ರ ನಡೆಯುತ್ತ ನುಡಿಸುವುದಲ್ಲ, ನಿಂತು ನುಡಿಸುವುದು. ಹೆಣ್ಣು ಕಳಿಸುವಾಗಿನದು. ಮಾಸ್ತರರೇ ಕಟ್ಟಿದ್ದು. ಅದರ ಗುರುತುಗಳಿಗೂ ಓಣಿಗೂ ಸಂಬಂಧವಿರಲಿಲ್ಲ. ಹುಡುಗಿ ತವರಿನ ಬಾಗಿಲು ದಾಟಿ ಗಾಡಿ ಹತ್ತುವ ತನಕ ಅದನ್ನು ನುಡಿಸುತ್ತಿದ್ದೆವು. ಫಕ್ಕೀರಪ್ಪ ಶುರು ಮಾಡಿದನೆಂದರೆ ಹೆಂಗಸರು ಸೆರಗು ಬಾಯಿಗೆ ಹಚ್ಚುತ್ತಿದ್ದರು. ಶಿಗ್ಗಾವಿಯಲ್ಲಿ ಒಬ್ಬರು ಬೀಗರು, ಗಂಡಿನ ಕಡೆಯವರು, ತಾವೇ ಅತ್ತುಬಿಟ್ಟು, "ನಿಲ್ಲಸ್ರೋ ಮಾರಾಯ್ರ, ನಾವೇನ್ ಹುಡುಗೀನ ಕಸಗೊಂಡು ಹೊಂಟೇವೇನು" ಎಂದಿದ್ದರು.

ಎಲ್ಲರೂ ಅಳುತ್ತಿದ್ದರು. ನಾನು ಎಣಿಸುತ್ತಿದ್ದೆ.

ಯಾಕೆಂದರೆ ಸೆಕೆಂಡ್ ಕ್ಲಾರ್ನೆಟ್ಟಿಗೆ ಆ ನುಡಿಯಲ್ಲಿ ಕೆಲಸ ಕಡಿಮೆ, ಕಾಯುವುದು ಹೆಚ್ಚು. ಕಾಗದದ ತುಂಬ ಸುಮ್ಮನಿರುವ ಗುರುತು. ನಡುನಡುವೆ ನಾಲ್ಕು ಸ್ವರ, ಕೆಳಗೆ ಪಿ, ಮತ್ತೆ ಸುಮ್ಮನೆ. ಧಾಟಿ ಪೂರ್ತಿ ಫಕ್ಕೀರಪ್ಪನದು. ಅವನಿಗೆ ಕಾಗದವೇ ಇರಲಿಲ್ಲ, ಕಿವಿಯಿಂದ ಕಲಿತವನು. ಸುಮ್ಮನಿರುವಾಗ ಲೆಕ್ಕ ತಪ್ಪಿದರೆ ಕೆಟ್ಟ ಜಾಗದಲ್ಲಿ ಪೊಂ ಎನ್ನುತ್ತೇವೆ. ಅಳುವ ಮನೆಯಲ್ಲಿ ನಗೆ ಹುಟ್ಟುತ್ತದೆ. ಅದಕ್ಕೆ ನಾನು ಹಲ್ಲು ಕಚ್ಚಿ ಎಣಿಸುತ್ತಿದ್ದೆ. ಒಂದು ಸಲವೂ ತಪ್ಪಲಿಲ್ಲ ಎಂದು ಜಂಬ ಪಡುತ್ತಿದ್ದೆ. ಎಣಿಸುವವನಿಗೆ ಹಾಡು ಕೇಳುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ನನ್ನ ಮಗಳು ರೇಣುವನ್ನು ಹಿರೇಕೆರೂರಿಗೆ ಕೊಟ್ಟೆವು. ಅವಳನ್ನು ಕಳಿಸುವ ದಿನ ಮಾಸ್ತರರು, "ಇವತ್ತ ನೀ ಅಪ್ಪ ಅದೀ, ಬ್ಯಾಂಡಿನಾಂವಲ್ಲ. ಆ ಕಡೆ ನಿಂದ್ರ" ಎಂದರು. ಸೆಕೆಂಡ್ ನುಡಿಸುವವರು ಬೇರೆ ಯಾರೂ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಬರಿಗೈಲಿ ನಿಂತುಕೊಳ್ಳಲು ನನಗೆ ಭಯವಾಗಿತ್ತು. ಕೋಟು ತೊಟ್ಟು ಫಕ್ಕೀರಪ್ಪನ ಹಿಂದೆ ನಿಂತೆ. ರೇಣು ಬಾಗಿಲು ದಾಟಿದ್ದು, ಅವ್ವನ ಕೊರಳು ತಬ್ಬಿದ್ದು, ಗಾಡಿ ಹತ್ತಿದ್ದು ಎಲ್ಲ ಅವನ ಬೆನ್ನಿನ ಆಚೆ ನಡೆಯಿತು. ನಾನು ಒಂದು ಲೆಕ್ಕವನ್ನೂ ತಪ್ಪಿಸಲಿಲ್ಲ.

ವಿಡಿಯೋ ಮಾಡಿಸಿದ್ದೆವು. ಆದರೆ ನಿಮಗೆ ಗೊತ್ತಿದೆಯಲ್ಲ, ಆಗಿನ ಮದುವೆ ವಿಡಿಯೋದವರು ನಮ್ಮ ದನಿಗಳನ್ನೆಲ್ಲ ಅಳಿಸಿ ಸಿನಿಮಾ ಹಾಡು ಹಾಕುತ್ತಿದ್ದರು. ಅದರಲ್ಲಿ ನಾವು ಗಲ್ಲ ಉಬ್ಬಿಸಿ ಊದುತ್ತೇವೆ, ಯಾರೋ ನಾಯಕಿ ಹಾಡುತ್ತಾಳೆ.

ಆಮೇಲೆ ಡೀಜೆ ಬಂತು. ಮಾಸ್ತರರು ಹೋದರು. ಬ್ಯಾಂಡಿನವರು ಒಬ್ಬೊಬ್ಬರು ಒಂದೊಂದು ದಿಕ್ಕಾದರು. ಫಕ್ಕೀರಪ್ಪ ಹಾನಗಲ್ಲಿನಲ್ಲಿ ಮಗನ ಮನೆ ಸೇರಿದ. ನನ್ನ ಹೆಂಡತಿ ತೀರಿಕೊಂಡ ಮೇಲೆ ನಾನು ಈ ಬಾಡಿಗೆ ಕೋಣೆಗೆ ಬಂದೆ. ಮುಂಜಾನೆ ಹೊಲಿಗೆ, ಸಂಜೆ ಕ್ಲಾರ್ನೆಟ್ಟು. ನುಡಿಸುವುದು ಏನನ್ನು? ನನ್ನಲ್ಲಿರುವುದು ನನ್ನ ಕಾಗದಗಳು ಮಾತ್ರ. ನಾಲ್ಕು ಸ್ವರ ಊದಿ, ವಾದ್ಯ ತೊಡೆಯ ಮೇಲಿಟ್ಟು, ಎಣಿಸುತ್ತ ಕೂಡುತ್ತೇನೆ. ಮತ್ತೆ ನಾಲ್ಕು ಸ್ವರ. ಶಾಂತವ್ವ ಮೊದಮೊದಲು ನನಗೆ ದಮ್ಮಿನ ಕಾಯಿಲೆ ಎಂದು ತಿಳಿದಿದ್ದಳು. "ಪೊಂ ಪೊಂ ಅಂತೀರಿ, ಸುಮ್ಮನಾಗ್ತೀರಿ. ಹಾಡು ಯಾವಾಗ ಶುರು ಆಗತೈತ್ರಿ?" ಎಂದು ಒಂದು ದಿನ ಕೇಳಿದಳು. ಹಾಡು ಹಾನಗಲ್ಲಿನಲ್ಲಿದೆ ಎಂದು ಅವಳಿಗೆ ಹೇಗೆ ಹೇಳುವುದು.

ಒಬ್ಬನೇ ನುಡಿಸುವಾಗ ಪಿ ಬಂದರೆ ಈಗಲೂ ಮೆಲ್ಲಗಾಗುತ್ತೇನೆ. ಆಗ ಕೋಣೆ ಎಷ್ಟು ಖಾಲಿ ಎಂಬುದು ತಿಳಿಯುತ್ತದೆ. ಮೆಲ್ಲಗೆ ಸರಿ, ಯಾರಿಗಿಂತ ಮೆಲ್ಲಗೆ? ಮಗ್ಗುಲ ಮನೆಯಲ್ಲಿ ಯಾರೂ ಜಡ್ಡಾಗಿ ಮಲಗಿಲ್ಲ, ಶಾಂತವ್ವ ಟೀವಿ ನೋಡುತ್ತಿರುತ್ತಾಳೆ. ಇಂಥ ಸಂಜೆಗಳಲ್ಲಿ ನನಗೆ ನಿಜವಾಗಿ ಬೇಜಾರಾಗುತ್ತದೆ. ಬೇಜಾರು ಎಂದು ಬಾಯಿಬಿಟ್ಟು ಹೇಳಿದರೆ ಮಗಳು ಬಾ ಅಂತಾಳೆ, ಹೋದರೆ ಅಲ್ಲಿ ಎರಡು ದಿನಕ್ಕೇ ಸವಣೂರು ನೆನಪಾಗುತ್ತದೆ. ಹಾಗಾಗಿ ಹೇಳುವುದಿಲ್ಲ.

ಹೋದ ತಿಂಗಳು ರೇಣು ಫೋನು ಮಾಡಿದಳು. ಊಟ, ಬಿ.ಪಿ. ಗುಳಿಗೆ, ಮೊಮ್ಮಗನ ಪರೀಕ್ಷೆ ಎಲ್ಲ ಆದ ಮೇಲೆ ಕೇಳಿದಳು.

"ಅಪ್ಪಾ, ನನ್ನ ಕಳಸೂ ಮುಂದ ನುಡಿಸಿದ್ರೆಲ್ಲಾ, ಅದು ಹೆಂಗ ಇತ್ತು? ಭಾಂಡೆ ತಿಕ್ಕೂ ಮುಂದ ಬಾಯಿಗೆ ಬಂದಂಗ ಆಕ್ಕೈತಿ, ಪೂರಾ ಬರವಲ್ದು. ಒಂದೀಟು ಹಾಡಿ ತೋರ್ಸು."

ನಾನು ಬಾಯಿ ತೆರೆದೆ. ನೆನಪಿಗೆ ಬಂದದ್ದು ನನ್ನ ನಾಲ್ಕು ಸ್ವರ, ಆಮೇಲೆ ಲೆಕ್ಕ. ಎಷ್ಟು ಮದುವೆ, ಎಷ್ಟು ಊರು, ಆ ಧಾಟಿ ನನ್ನ ಮೂಗಿನ ಮುಂದೆಯೇ ಹುಟ್ಟಿ ಹೋಗಿತ್ತು. ನನ್ನಲ್ಲಿ ಅದರ ಒಂದು ಎಳೆಯೂ ಇರಲಿಲ್ಲ. "ಈಗ ಗಂಟಲು ಸರಿ ಇಲ್ಲವ್ವ, ಆಮ್ಯಾಲೆ ಹೇಳ್ತೇನಿ" ಎಂದು ಫೋನಿಟ್ಟೆ. ಅವಳು ಹೋದ ದಿನವನ್ನು ನಾನು ಇನ್ನೊಮ್ಮೆ ತಪ್ಪಿಸಿಕೊಂಡ ಹಾಗೆ ಆಯಿತು. ಆ ಹಾಡು ನನಗೆ ಬೇಕೇ ಬೇಕು ಅನ್ನಿಸಿತು.

ಮರುದಿನವೇ ವಾದ್ಯ, ಕಾಗದ, ಪಾವು ಕಿಲೋ ಕುರುಕಲು ಸವಣೂರು ಖಾರ ಚೀಲಕ್ಕೆ ಹಾಕಿಕೊಂಡು ಬಂಕಾಪುರದಲ್ಲಿ ಬಸ್ಸು ಬದಲಿಸಿ ಹಾನಗಲ್ಲಿಗೆ ಹೋದೆ. ಫಕ್ಕೀರಪ್ಪ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ, ತಬ್ಬಿಕೊಂಡ, ಖಾರದ ಪೊಟ್ಟಣ ನೋಡಿ ಬೈದ.

"ಹಲ್ಲಿಲ್ಲದಾಂವಗ ಖಾರಾ ತರ್ತೀಯಲ್ಲೋ ಹುಚ್ಚ! ಒಂದೂ ಉಳಿದಿಲ್ಲ ನೋಡು. ಕಟ್ಟಿಸಿದ ಹಲ್ಲು ಅದಾವು, ಫೋಟೋ ತಗಸೂವಾಗ ಹಾಕ್ಕೋತೇನಿ."

ಕ್ಲಾರ್ನೆಟ್ಟಿಗೆ ಹಲ್ಲೇ ಆಧಾರ. ಅವು ಹೋದ ದಿನವೇ ಅವನು ವಾದ್ಯವನ್ನು ಮೊಳೆಗೆ ತೂಗುಹಾಕಿದ್ದ. ನಾನು ಬಂದ ಕಾರಣ ಹೇಳಿದೆ. ಅವನು ಕಣ್ಣು ಮುಚ್ಚಿ ತುಟಿ ಆಡಿಸಿ ನೋಡಿದ. ತಲೆ ಅಲ್ಲಾಡಿಸಿದ.

"ಬರವಲ್ದೋ ಈರಣ್ಣ. ಅದು ಬಾಯಾಗ ಇದ್ದಿದ್ದಲ್ಲ, ಬೆರಳಾಗ ಇದ್ದಿದ್ದು."

ಅವನಿಗೂ ಹೋಗಿದ್ದರೆ ಆ ಹಾಡು ಇನ್ನು ಈ ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ಗೋಡೆಯ ಮೇಲಿನ ವಾದ್ಯ ಇಳಿಸಿದರೆ ಅದರ ಕೀಲಿಗಳು ಜಂಗು ಹಿಡಿದು ಕದಲುತ್ತಿರಲಿಲ್ಲ. ಆಗ ಅವನು ಒಳಗೆ ಕೂಗಿದ: "ತಂಗೀ, ಲಟ್ಟಣಿಗಿ ಕೊಡವಾ ಇಲ್ಲೆ."

ಸೊಸೆ ಚಪಾತಿ ಲಟ್ಟಿಸುತ್ತಿದ್ದಳು. ಹಿಟ್ಟು ಹತ್ತಿದ ಲಟ್ಟಣಿಗೆಯನ್ನೇ ತಂದುಕೊಟ್ಟು, ಮಾವನನ್ನೂ ನನ್ನನ್ನೂ ನೋಡಿ ಬಾಗಿಲಿಗೆ ಒರಗಿ ನಿಂತಳು. ಫಕ್ಕೀರಪ್ಪ ಅದನ್ನು ಎರಡು ಕೈಯಲ್ಲಿ ಹಿಡಿದು ಬೆರಳು ಜೋಡಿಸಿದ. ಮತ್ತೆ ನನ್ನ ಕಡೆ ಬೆನ್ನು ಮಾಡಿ ಕೂತ.

"ಹಾಕು ಕಾಗದ. ನೀ ಹಿಂದಿಂದ ನುಡಸು. ನಿಂದು ಕೇಳಿದ್ರ ನನಗ ಹಾದಿ ಸಿಗತೈತಿ."

ಅವನ ಬನಿಯನ್ನಿಗೆ ಕಾಗದ ಸಿಕ್ಕಿಸಿದೆ. ಬೆನ್ನು ಸಣ್ಣದಾಗಿತ್ತು, ಕಾಗದದ ಅಂಚು ಎರಡೂ ಕಡೆ ಹೊರಗೆ ಬಂತು. ನನ್ನ ನಾಲ್ಕು ಸ್ವರ ನುಡಿಸಿದೆ. ಅವನ ಬೆರಳು ಅಲ್ಲಾಡಲಿಲ್ಲ. ಮುಂದಿನ ನಾಲ್ಕು ನುಡಿಸುವಾಗ ಗುಬ್ಬಿ ಕೊಕ್ಕು ಮುಚ್ಚುತ್ತ ಬಂತು, ಪಿ ಬಂತು, ನಾನು ದನಿ ಇಳಿಸಿದೆ. ಫಕ್ಕೀರಪ್ಪ ಕೈ ಎತ್ತಿದ.

"ಹಾಂ, ಹಾಂ! ಅಲ್ಲೇ! ನೀ ಸಣ್ಣಗ ಆದಲ್ಲೇ ನಾ ಏರತಿದ್ದೆ!"

ಮೂವತ್ತು ವರ್ಷ ಆ ಪಿಯನ್ನು ನಾನು ನನ್ನ ಗುರುತು ಎಂದುಕೊಂಡಿದ್ದೆ. ಅದು ಅವನ ಗುರುತಾಗಿತ್ತು. ಅವನು ಬರುತ್ತಾನೆ, ಜಾಗ ಬಿಡು ಎಂದು ಮಾಸ್ತರರು ನನ್ನ ಕಾಗದದಲ್ಲಿ ಬರೆದಿಟ್ಟಿದ್ದರು.

ಅವನ ಬೆರಳುಗಳು ಲಟ್ಟಣಿಗೆಯ ಮೇಲೆ ಓಡತೊಡಗಿದವು. ಹಿಂದೆಯೇ ಅವನ ಬಾಯಿ ಗುನುಗಿತು. ಹಲ್ಲಿಲ್ಲದ ಬಾಯಿ, ಅರ್ಧ ದನಿ, ಅರ್ಧ ಗಾಳಿ. ಆದರೂ ಧಾಟಿ ಬಂತು. ಅಷ್ಟು ಜನರನ್ನು ಅಳಿಸಿದ್ದು ಬಹಳ ದುಃಖದ್ದಿರಬೇಕು ಎಂದುಕೊಂಡಿದ್ದೆ. ಹಾಗಿರಲಿಲ್ಲ. ಓಣಿಯ ಹುಡುಗಿಯರು ಕುಂಟಾಟ ಆಡುವಾಗ ಹೇಳಿಕೊಳ್ಳುವಂಥ ಹಗುರ ಧಾಟಿ. ಏರುತ್ತ ಏರುತ್ತ ಹೋಗಿ, ಮೇಲಿನ ಸ್ವರ ಮುಟ್ಟುವ ಮೊದಲೇ ಹಿಂದಕ್ಕೆ ಬರುತ್ತಿತ್ತು, ಮತ್ತೆ ಹೋಗುತ್ತಿತ್ತು. ರೇಣು ಅವತ್ತು ಬಾಗಿಲಿಗೂ ಗಾಡಿಗೂ ನಡುವೆ ಎಷ್ಟು ಸಲ ಹಿಂದೆ ಬಂದಿದ್ದಳೋ ನನಗೆ ಗೊತ್ತಿಲ್ಲ. ಈಗಲೂ ನನ್ನ ಕಣ್ಣು ಕಾಗದದ ಮೇಲೆಯೇ ಇತ್ತು, ಆದರೆ ಮಂಜಾಗಿ ಏನೂ ಕಾಣುತ್ತಿರಲಿಲ್ಲ.

ಗುನುಗು ನಿಂತಿತು.

"ಯಾಕೋ ಈರಣ್ಣ, ನಿನ್ನ ಪಾಳಿ ಬಂದು ಹೋತಲ್ಲೋ! ಎಣಸವಲ್ಲ್ಯೇನು? ಮಾಸ್ತರ ಇದ್ರ ಬೈತಿದ್ರು ನೋಡು."

"ಹೌದೋ, ತಪ್ಪಿತು" ಎಂದೆ. "ಮೊದಲಿಂದ ಶುರು ಮಾಡು."

ನಾವು ಅದನ್ನು ಮತ್ತೆ ಮತ್ತೆ ನುಡಿಸಿದೆವು. ಸೊಸೆಗೆ ಲಟ್ಟಣಿಗೆ ಮರಳಿ ಸಿಗುವ ಹೊತ್ತಿಗೆ ಧಾಟಿ ನನ್ನ ಬಾಯಿಗೆ ಹತ್ತಿತ್ತು. ಬಸ್ಸಿನಲ್ಲಿ ಮರೆತೇನೆಂದು ಹೆದರಿ ದಾರಿಯುದ್ದಕ್ಕೂ ಗುನುಗುತ್ತ ಬಂದೆ. ಕಂಡಕ್ಟರು ಎರಡು ಸಲ ನನ್ನ ಮುಖ ನೋಡಿದ. ಬಂಕಾಪುರದಲ್ಲಿ ಪಕ್ಕಕ್ಕೆ ಕೂತವನು ಎದ್ದು ಬೇರೆ ಸೀಟಿಗೆ ಹೋದ.

ಕೋಣೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಫೋನು ಹಚ್ಚಿದೆ.

"ರೇಣು, ಕೇಳು" ಎಂದು ಶುರು ಮಾಡಿದೆ. ನನ್ನದು ಹಾಡುವ ಕಂಠವಲ್ಲ. ಫಸ್ಟ್ ಕ್ಲಾರ್ನೆಟ್ಟಿನ ಧಾಟಿ ಜನ್ಮದಲ್ಲಿ ಮೊದಲ ಸಲ ನನ್ನದಾಗಿತ್ತು, ನಡುಗುತ್ತಲೇ ಏರಿದೆ. ಫೋನು ಕಟ್ಟಾಯಿತೇನೋ ಎಂದು ಅನುಮಾನ ಬಂತು. ಆದರೂ ನಿಲ್ಲಿಸದೆ ಧಾಟಿಯ ತಿರುವಿಗೆ ಬಂದು, ಉಸಿರು ತೆಗೆದುಕೊಂಡೆ.

ಆಗ ಅವಳ ದನಿ ಬಂತು. ಪೊಂ, ಪೊಂ, ಪೊಂ, ಪೊಂ. ನನ್ನ ನಾಲ್ಕು ಸ್ವರ. ಸರಿಯಾದ ಜಾಗದಲ್ಲಿ, ಕೊನೆಯದನ್ನು ಇಳಿಸಿ, ಮೆಲ್ಲಗೆ.

ನಾನು ಗಕ್ಕನೆ ನಿಂತೆ. "ಇದು ನಿನಗ ಹೆಂಗ ಗೊತ್ತವಾ?"

"ನನಗ ಇದಷ್ಟ ಗೊತ್ತಿರೂದು ಅಪ್ಪಾ" ಎಂದಳು. "ದಿನಾ ಸಂಜೀಕ ಮನ್ಯಾಗ ನೀ ಇದನ್ನ ನುಡಸ್ತಿದ್ದೆಲ್ಲಾ. ನನ್ನ ಕಳಸೂ ಮುಂದನೂ ನಾ ಇದನ್ನ ಕೇಳಿದ್ದು. ಉಳಿದದ್ದು ನೆನಪಿಲ್ಲ, ಅದಕ್ಕ ನಿನ್ನ ಕೇಳಿದೆ. ಯಾಕ ನಿಂತಿ? ಹಾಡು, ನಾ ಬರ್ತೇನಿ."

ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಫಕ್ಕೀರಪ್ಪ ಆ ಜಾಗದಲ್ಲಿ ದನಿ ಇಳಿಸುತ್ತಿರಲಿಲ್ಲ, ಇಳಿಸು ಎಂದು ಯಾರೂ ಎಲ್ಲಿಯೂ ಬರೆದಿಲ್ಲ. ಆದರೆ ಮಗಳು ಬರುವ ಹೊತ್ತಾದಾಗ ನಾನು ಮೆಲ್ಲಗಾದೆ, ಅವಳದು ಕೇಳಿಸಲಿ ಎಂದು.